ನಿಂಬೆವ್ವನ ತೊಟ್ಟಿಲ ತೊಲೆ

ಗಚ್ಚಿನ ಬಾನಿಗೆ ಬೆಲ್ಲದ ನೀರು ಹೊಯ್ಯುತ್ತಿದ್ದೆ. ಅಳಲೆಕಾಯಿ ಜಜ್ಜಿ ಮೂರು ದಿನ ನೆನೆಹಾಕಿದ ನೀರು ಅದು. ಬೆಲ್ಲ ಕರಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಸುಣ್ಣವೂ ಮರಳೂ ಈ ನೀರೂ ಹದವಾಗಿ ಬೆರೆತು, ಕರಣಿಯಿಂದ ಜಾರದೆ ಬೆಣ್ಣೆಯಂತೆ ನಿಂತರೆ ಮಾತ್ರ ಗಚ್ಚು ಗೋಡೆಗೆ ಹಿಡಿಯುತ್ತದೆ. ನಡುಮನೆಯ ದೀಪದ ಗೂಡಿನ ಕೆಳಗೆ ಬಿರುಕು ಬಿಟ್ಟಿತ್ತು. ಅದನ್ನು ತುಂಬುವುದಷ್ಟೇ ಅಂದಿನ ಕೆಲಸ. ತಂಬಿಗೆ ಕೆಳಗಿಡುವಷ್ಟರಲ್ಲಿ ಮೇಲಿನಿಂದ ಒಂದು ಚಿಟಿಕೆ ಹಳದಿ ಪುಡಿ ಬಾನಿಯೊಳಗೆ ಬಿತ್ತು. ಹಿಟ್ಟಿನಂಥ ನುಣ್ಣನೆಯ ಪುಡಿ. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಮರದ ವಾಸನೆ. ತಲೆಯೆತ್ತಿದರೆ ನಡುಮನೆಯ ದೊಡ್ಡ ತೊಲೆ, ಅದರ ಬಡಗಣ ತಲೆ ಗೋಡೆಯೊಳಕ್ಕೆ ಸೇರುವ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ತೂತುಗಳು. ಬಾನಿಯ ಪಕ್ಕದಲ್ಲೇ ಕುಳಿತೆ. ಅದು ಬೇರೆ ಯಾವ ತೊಲೆಯಾಗಿದ್ದರೂ ನಾನು ಹಾಗೆ ಕುಳಿತುಕೊಳ್ಳುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಹೊಸ ಮರ ಭಾರ ಹೊರುವುದಿಲ್ಲ. ಕಡಿದು ತಂದ ತೊಲೆಯನ್ನು ಬೆಳಿಗ್ಗೆ ಏರಿಸಿದರೆ ಸಂಜೆಗೆ ತೊಯ್ದ ಧೋತರದಂತೆ ಜೋತುಬೀಳುತ್ತದೆ. ಒಂದು ಮನೆಯಲ್ಲಿ ಬಾಳಿ ಬಂದ ಸಾಮಾನು ಮಾತ್ರ ಇನ್ನೊಂದು ಮನೆಯಲ್ಲಿ ನಿಲ್ಲುತ್ತದೆ. ಹಾಗಾದರೆ ಮೊದಲನೆಯ ಮನೆ ಹೇಗೆ ನಿಂತಿತು ಎಂದು ಮಕ್ಕಳು ಕೇಳುವುದುಂಟು. ದೊಡ್ಡವರು ಅವರಿಗೆ ಏನಾದರೂ ಕೆಲಸ ಹೇಳಿ ಹೊರಗೆ ಕಳಿಸುತ್ತಾರೆ. ಹೀಗೆ ಬಂದ ಸಾಮಾನು ತನ್ನ ಹಳೆಯ ಮನೆಯ ಚಾಳಿಯನ್ನೂ ಹೊತ್ತು ತರುತ್ತದೆ. ಸೂಲಗಿತ್ತಿ ಹುಸೇನಬಿಯ ಮನೆಯ ಬಾಗಿಲನ್ನು ಪತ್ತಾರರು ಒಯ್ದರು. ಬೀದಿಯಲ್ಲಿ ಯಾರಾದರೂ ಓಡಿದ ಸದ್ದಾದರೆ ಸಾಕು, ಬಾಗಿಲು ಅಗಳಿ ಸರಿಸಿಕೊಂಡು ತಾನೇ ತೆರೆಯುತ್ತಿತ್ತು. ಚಿನ್ನದ ಕೆಲಸದವರ ಮನೆ, ಮೂರು ವರ್ಷ ಒಬ್ಬರಾದ ಮೇಲೊಬ್ಬರು ಕಾವಲು ಕುಳಿತರು. ಶಾಲೆಯ ಕಿಟಕಿಗಳನ್ನು ತಂದು ಹಾಕಿಸಿಕೊಂಡ ಬೇಕರಿಯವನು ಸಂಜೆ ನಾಲ್ಕೂವರೆಗೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಅವು ಮುಚ್ಚಿಕೊಂಡಾಗ, ಕತ್ತಲಲ್ಲಿ ಕುಳಿತುಕೊಳ್ಳುತ್ತಿದ್ದ. ಆದ್ದರಿಂದ ಇಲ್ಲಿ ಮನೆ ರಿಪೇರಿ ಎಂದರೆ ಮೊದಲು ಚಾಳಿ ವಿಚಾರಿಸುವುದು. ಬೇಕಾದವರು ಬೆಲ್ಲದಚ್ಚು ಹಿಡಿದು ಹೋಗುತ್ತಾರೆ. ಕೊಡುವವರು ಚಾಳಿ ಮುಚ್ಚಿಡುವಂತಿಲ್ಲ.

ಎರಡು ವರ್ಷವೋ ಮೂರು ವರ್ಷವೋ ಕಳೆದ ಮೇಲೆ ಸಾಮಾನು ಹಳೆಯ ಮನೆಯನ್ನು ಮರೆತು ಹೊಸದಕ್ಕೆ ಒಗ್ಗುತ್ತದೆ. ಆಗ ಒಯ್ದವರು ಕೊಟ್ಟವರಿಗೆ ಮರೆವಿನ ಕಾಗದ ಬರೆಯಬೇಕು. ‘ನಿಮ್ಮ ಬಾಗಿಲು ನಿಮ್ಮನ್ನು ಮರೆತಿದೆ, ನಮ್ಮದಾಗಿದೆ, ಮನಸ್ಸು ಹಗುರ ಮಾಡಿಕೊಳ್ಳಿ’ ಎಂದು ಬರೆದು, ಲಕೋಟೆಗೆ ಹಾಕಿ, ಬಿಳಿ ದಾರ ಸುತ್ತಿ ಕಳಿಸಬೇಕು. ಆ ಕಾಗದ ಮುಟ್ಟುವವರೆಗೆ ಕೊಟ್ಟವರು ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ತನ್ನವರ ಸುಳಿವು ಸಿಕ್ಕರೆ ಸಾಮಾನು ಮತ್ತೆ ಮೊದಲಿಗೆ ಮರಳುತ್ತದೆ ಎನ್ನುತ್ತಾರೆ. ಅಲ್ಲಿಯವರೆಗೆ ಕೊಟ್ಟವರೂ ಒಯ್ದವರೂ ಸಾಮಾನಿನ ಸುದ್ದಿಯನ್ನು ಬಾಯಲ್ಲಿ ಆಡುವಂತೆಯೂ ಇಲ್ಲ. ಏನಿದ್ದರೂ ಕಾಗದದಲ್ಲೇ.

ನನ್ನ ನಡುಮನೆಯ ತೊಲೆ ನಿಂಬೆವ್ವನದು. ನಾವಿಬ್ಬರೂ ಒಂದೇ ಗಾಣದಲ್ಲಿ ಸುಣ್ಣ ಅರೆದವರು, ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದವರು. ಅವಳಿಗೆ ಎಂಟು ತಿಂಗಳ ಮಗಳೊಬ್ಬಳಿದ್ದಳು. ಆ ತೊಲೆಗೆ ಎರಡು ಕಬ್ಬಿಣದ ಬಳೆ ಹೊಡೆಸಿ ತೊಟ್ಟಿಲು ಕಟ್ಟಿದ್ದರು. ಒಂದು ಬೇಸಗೆಯ ಜ್ವರದಲ್ಲಿ ಮಗು ಹೋಯಿತು. ತೊಟ್ಟಿಲು ಬಿಚ್ಚಿದರೂ ತೊಲೆ ನಿಲ್ಲಲಿಲ್ಲ. ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ನೆಲದ ನಟ್ಟನಡುವೆ ಬಿದ್ದ ಕೂಡಲೆ ಅದು ತೂಗಲು ಶುರುಮಾಡುತ್ತಿತ್ತು. ಇಡೀ ತೊಲೆ ಅಲ್ಲ, ಉಸಿರಾಡುವವರ ಹೊಟ್ಟೆ ಏರಿಳಿಯುವಂತೆ ಅದರ ನಡುಭಾಗ, ಅರ್ಧ ಬೆರಳಿನಷ್ಟು. ಬಳೆಗಳು ಕಿಣ್ ಕಿಣ್ ಎನ್ನುತ್ತಿದ್ದವು. ಬಿಸಿಲು ಸರಿದು ಗೋಡೆ ಹತ್ತಿದಾಗ ನಿಲ್ಲುತ್ತಿತ್ತು. ನಿಂಬೆವ್ವ ಆ ಮನೆ ಬಿಟ್ಟು ಹೊಳೆಯಾಚೆಯ ಅಣ್ಣನ ಮನೆಗೆ ಹೊರಟಳು. ಅದೇ ಮಳೆಗಾಲದಲ್ಲಿ ನಮ್ಮ ಮಾಳಿಗೆಯ ಒಂದು ಮೂಲೆ ಕುಸಿದಿತ್ತು. ಆ ತೊಲೆಯನ್ನು ಯಾರೂ ಕೇಳಿರಲಿಲ್ಲ; ತೂಗುವ ತೊಲೆ ಉಣ್ಣುವ ತಟ್ಟೆಗೆ ಮಣ್ಣು ಉದುರಿಸುತ್ತದೆ. ನಾನು ಬೆಲ್ಲದಚ್ಚು ಹಿಡಿದು ಹೋದೆ. “ಎರಡು ವರ್ಷದಾಗ ಮರೆಸ್ತೀನಿ ನಿಂಬಿ. ನನ್ನ ಕೈಯಾರೆ ಕಾಗದ ಬರೀತೀನಿ” ಅಂದೆ. ಆಗ ನನಗೆ ನನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಅವಳು ತೊಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ತೊಲೆ ಹೇರಿದ ಗಾಡಿ ಓಣಿಯ ತಿರುವು ದಾಟುವವರೆಗೂ ನಿಂತೇ ಇದ್ದಳು.

ಆ ಒಂದು ಕಾಗದಕ್ಕಾಗಿ ನಾನು ರಾತ್ರಿ ಶಾಲೆ ಸೇರಿದೆ. ಮೂವತ್ತನಾಲ್ಕರ ಹೆಂಗಸು, ಸುಣ್ಣ ತಿಂದ ಬೆರಳು, ಬಳಪ ಹಿಡಿದರೆ ಮುರಿಯುತ್ತಿತ್ತು. ಎರಡನೆಯ ವರ್ಷ ಮಾಸ್ತರರು “ನಿಮಗೆ ಬೇಕಾದವರಿಗೆ ಒಂದು ಪತ್ರ ಬರೆಯಿರಿ” ಎಂದಾಗ ನಾನು ಬರೆದದ್ದು ನಿಂಬೆವ್ವನಿಗೆ ಮರೆವಿನ ಕಾಗದ. ಮಾಸ್ತರರು ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದುಕೊಟ್ಟರು. ಅದನ್ನು ತಂದು ತಗಡಿನ ಡಬ್ಬಿಯಲ್ಲಿಟ್ಟೆ. ತೊಲೆ ಮರೆತ ದಿನ ಕಳಿಸೋಣ ಎಂದು. ತೊಲೆ ಮರೆಯಲಿಲ್ಲ. ಮೂವತ್ತೊಂದು ವರ್ಷ.

ಈ ಮೂವತ್ತೊಂದು ವರ್ಷದಲ್ಲಿ ನಾನೂ ನಿಂಬೆವ್ವನೂ ಪ್ರತಿ ಸೋಮವಾರದ ಸಂತೆಯಲ್ಲಿ ಸಿಗುತ್ತಿದ್ದೆವು. ಅವಳು ದುರಗಪ್ಪನ ದೋಣಿಯಲ್ಲಿ ಹೊಳೆ ದಾಟಿ ಶೇಂಗಾ ಮಾರಲು ಬರುತ್ತಿದ್ದಳು. ಬದನೆಯ ಮಾತು, ಮಂಡಿಯ ನೋವಿನ ಮಾತು, ಯಾರದೋ ಮದುವೆಯ ಮಾತು, ಎಲ್ಲ ಆಡುತ್ತಿದ್ದೆವು. ತೊಲೆಯ ಮಾತೊಂದನ್ನು ಬಿಟ್ಟು. ನನ್ನನ್ನು ಕಂಡ ಕೂಡಲೆ ಅವಳು ಮೊದಲು ನೋಡುತ್ತಿದ್ದದ್ದು ನನ್ನ ಕೈಯನ್ನು. ಕೈಯಲ್ಲಿ ಲಕೋಟೆ ಇಲ್ಲದ್ದು ಕಂಡು ಒಮ್ಮೆ ಉಸಿರು ಬಿಟ್ಟು, ಆಮೇಲೆ ನಗುತ್ತ ಒಂದು ಬೊಗಸೆ ಶೇಂಗಾ ನನ್ನ ಚೀಲಕ್ಕೆ ಸುರಿಯುತ್ತಿದ್ದಳು. ಸಂಕಟವನ್ನು ಮುಚ್ಚಿಕೊಳ್ಳುತ್ತಿದ್ದಾಳೆ, ಪಾಪ, ಎಂದುಕೊಂಡು ನಾನು ಪ್ರತಿ ವಾರ ತಲೆತಗ್ಗಿಸಿ ಮನೆಗೆ ಬರುತ್ತಿದ್ದೆ. ಈಗ ಐದು ಸೋಮವಾರದಿಂದ ಅವಳು ಬಂದಿರಲಿಲ್ಲ. ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದು ಮಸುಕು ಎಂದು ದುರಗಪ್ಪ ಹೇಳಿದ್ದ. ಅವಳಿಗೆ ಸ್ವಲ್ಪವಾದರೂ ಕಣ್ಣು ಕಾಣುವಾಗಲೇ ಅವಳೊಮ್ಮೆ ನನ್ನ ಮನೆಗೆ ಬಂದು, ನನ್ನೆದುರು ಕುಳಿತು ಊಟ ಮಾಡಬೇಕು ಎನ್ನುವುದೊಂದೇ ನನಗೆ ಉಳಿದಿದ್ದ ಆಸೆ. ಅದಕ್ಕೆ ಕಾಗದ ಬೇಕು. ಕಾಗದಕ್ಕೆ ತೊಲೆ ಮರೆಯಬೇಕು. ಈಗ ನೋಡಿದರೆ ತೊಲೆಯೇ ಉಳಿಯುವಂತಿರಲಿಲ್ಲ.

ಬಡಿಗ ಮೋನಪ್ಪ ನನಗಿಂತ ಎರಡು ವರ್ಷ ಚಿಕ್ಕವನು. ಏಣಿ ಹತ್ತಿ ತೊಲೆಯ ತಲೆಗೆ ಉಳಿಯಿಂದ ಚುಚ್ಚಿದ. ಉಳಿ ಬೆಣ್ಣೆಯೊಳಗೆ ಹೋದಂತೆ ಹೋಯಿತು.

“ನುಸಿ ಹಿಡದೈತಿ ಅಕ್ಕಾ. ಒಂದು ಮೊಳ ಒಳಗ ಪೊಳ್ಳ ಆಗೇತಿ. ಮುಂದಿನ ಮಳಿ ತಡಿಯಂಗಿಲ್ಲ.”

“ಗೇರೆಣ್ಣಿ ಹಚ್ಚಿದರ?”

“ಎಣ್ಣಿ ಹಚ್ಚಿದರ ಹುಳ ಸಾಯ್ತಾವು, ತಿಂದಿದ್ದು ತಿರುಗಿ ಬರತೈತೇನ? ನಡುವ ಒಂದು ಕಲ್ಲಿನ ಕಂಬ ಕೊಡೂಣು. ಮ್ಯಾಲ ಬೋದಿಗಿ ಇಟ್ಟರ ಇನ್ನ ನೂರು ವರ್ಷ ಅಲ್ಲಾಡಂಗಿಲ್ಲ.” ಹೇಳಿದವನು ನನ್ನ ಮುಖ ನೋಡಿದ. “ಅಲ್ಲಾಡಂಗಿಲ್ಲ ಅಂದರ, ನಿನ್ನ ಕಾಗದನೂ ಕಳಸಬೌದು ನೋಡು. ಯಾರ ಬಂದು ಕೇಳ್ತಾರ?”

ನಾನು ಬೇಡ ಎನ್ನಲಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ಬೆಳಿಗ್ಗೆ ಅಳತೆ ನೋಡಲೆಂದು ಅವನು ಒಂದು ಗಟ್ಟಿ ಊರೆಗಂಬ ತಂದು ತೊಲೆಯ ನಡುವಿಗೆ ಕೊಟ್ಟು ಕೆಳಗೆ ಬೆಣೆ ಬಡಿದ. ಹೊತ್ತು ನೆತ್ತಿಗೆ ಬಂತು. ನಮ್ಮ ಓಣಿಯ ತಾಯಂದಿರು ಆ ಹೊತ್ತಿಗೆ ಕೂಸುಗಳನ್ನು ನನ್ನ ಮನೆಗೆ ತರುವುದು ಎಷ್ಟೋ ವರ್ಷದ ರೂಢಿ. ಒಂದು ಕೂಸು ಆ ಬಳೆಗಳಿಗೆ ಕಟ್ಟಿದ ತೊಟ್ಟಿಲಲ್ಲಿ, ಉಳಿದವು ಕೆಳಗೆ ಕೌದಿಯ ಮೇಲೆ. ಯಾರೂ ತೂಗಬೇಕಾಗಿಲ್ಲ, ತೊಲೆಯೇ ತೂಗುತ್ತದೆ. ಎದುರು ಮನೆಯ ರೇಣವ್ವ ಎಂದಿನಂತೆ ತನ್ನ ಕೂಸನ್ನು ತೊಟ್ಟಿಲಿಗೆ ಹಾಕಿದಳು. ಬಿಸಿಲು ನೆಲದ ನಡುವೆ ಬಂದು ನಿಂತಿತು. ಬಳೆಗಳು ಸದ್ದು ಮಾಡಲಿಲ್ಲ. ಕೂಸು ಒಂದು ಗಳಿಗೆ ಮೇಲೆ ನೋಡಿ, ತುಟಿ ಮಡಿಸಿ, ಜೋರಾಗಿ ಅಳತೊಡಗಿತು. ಅದನ್ನು ಕೇಳಿ ಉಳಿದ ನಾಲ್ಕೂ ಶುರುಮಾಡಿದವು.

“ಇದೇನ ಆಯಿ, ತೊಲಿಗೆ ಊರುಗೋಲು ಕೊಟ್ಟೀಯಲ್ಲ! ನಿನಗ ಬೇಕು ಅದು, ತೊಲಿಗ್ಯಾಕ?” ಎಂದಳು ರೇಣವ್ವ. ನಗಲಿಕ್ಕೆಂದು ಶುರುಮಾಡಿದ ಮಾತು, ಅರ್ಧಕ್ಕೆ ನಿಲ್ಲಿಸಿ ನೆಲದ ಕಡೆ ಬೆರಳು ಮಾಡಿದಳು. “ಆಯಿ… ಬಾನಿ ನೋಡು.”

ಗಚ್ಚಿನ ಬಾನಿ ಇನ್ನೂ ಅಲ್ಲೇ ಇತ್ತು. ಮೇಲೆ ಒಂದು ಬೆರಳು ತಿಳಿನೀರು ನಿಂತಿತ್ತು. ಆ ನೀರಿನಲ್ಲಿ ಬಳೆಯಂಥ ಅಲೆ ಒಂದರ ಹಿಂದೊಂದು ಏಳುತ್ತಿತ್ತು. ಒಂದು ಏಳುವುದು, ಅಂಚಿಗೆ ಹೋಗುವುದು, ಇನ್ನೊಂದು ಏಳುವುದು. ತೊಟ್ಟಿಲು ತೂಗುವ ಲಯದಲ್ಲೇ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಮೋನಪ್ಪ ಊರೆಗಂಬಕ್ಕೆ ಕಿವಿಯಿಟ್ಟ. ನಾನು ಕೆಳಗೆ ಕುಳಿತು ನೆಲದ ಪರಸಿಗಲ್ಲಿನ ಮೇಲೆ ಅಂಗೈ ಊರಿದೆ. ಕಲ್ಲು ಏರುತ್ತಿತ್ತು, ಇಳಿಯುತ್ತಿತ್ತು. ಕಂಬ ತಡೆದದ್ದನ್ನು ತೊಲೆ ಕಂಬದೊಳಗಿಂದಲೇ ಇಳಿಸಿ ನೆಲಕ್ಕೆ ಕಲಿಸುತ್ತಿತ್ತು. ಐವತ್ತು ವರ್ಷ ಸುಣ್ಣ ಕಲ್ಲುಗಳ ನಡುವೆ ಬದುಕಿದವಳು ನಾನು. ಆ ದಿನ ಅಂಗೈ ಎತ್ತಲು ನನಗೆ ಧೈರ್ಯ ಬರಲಿಲ್ಲ. ಮಲಗಿದವರ ಎದೆಯ ಮೇಲೆ ಕೈಯಿಟ್ಟಂತಿತ್ತು.

“ತಗಿ ಮೋನಪ್ಪ” ಅಂದೆ.

ಅವನು ಬೆಣೆಗೆ ಒಂದೇ ಏಟು ಕೊಟ್ಟ. ಬಳೆ ಕಿಣ್ ಎಂದಿತು. ಕೂಸುಗಳು ಒಂದೊಂದಾಗಿ ಸುಮ್ಮನಾದವು.

ತೂಗುವುದನ್ನು ತಡೆಯಬಾರದು, ಬೀಳಲೂಬಾರದು. ಇದು ನಮ್ಮ ಮುಂದಿದ್ದ ಕೆಲಸ. ಪೊಳ್ಳಾದ ತಲೆಯನ್ನು ಕೊಯ್ದು, ಪಕ್ಕಕ್ಕೊಂದು ಜೋಡು ತೊಲೆ ಕೊಟ್ಟು, ಎರಡನ್ನೂ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು ಎಂದ ಮೋನಪ್ಪ. ಗೋಡೆಯೊಳಗೆ ತಲೆ ಕೂರುವ ಹಾಸುಗಲ್ಲಿನ ಮೇಲೆ ಗಚ್ಚು ಹಾಕದೆ ತೆಂಗಿನ ನಾರಿನ ಮೆತ್ತೆ ಇಡೋಣ, ಆಡಲು ಅದಕ್ಕೆ ಜಾಗವಿರಲಿ ಎಂದೆ ನಾನು. ಉಳಿದದ್ದು ಜೋಡು ತೊಲೆ ಯಾವ ಮನೆಯದು ಎನ್ನುವುದು. ನಾಲ್ಕು ದಿನ ಊರೆಲ್ಲ ತಿರುಗಿದೆವು. ಎಣ್ಣೆ ಗಾಣದವರ ಬಳಿ ಒಳ್ಳೆಯ ತೇಗವಿತ್ತು. ಅದು ಒಂದೇ ದಿಕ್ಕಿಗೆ ತಿರುಚುವ ಚಾಳಿಯದು, ನಮ್ಮ ತೊಲೆಯ ಸೊಂಟ ಮುರಿದೀತು. ಚಾವಡಿಯಲ್ಲೊಂದಿತ್ತು, ದೊಡ್ಡವರು ಒಳಗೆ ಬಂದರೆ ಸೆಟೆದು ನಿಲ್ಲುತ್ತದೆ. “ನಿನ್ನ ಮನಿಗೆ ದೊಡ್ಡವರು ಯಾರ ಬರತಾರ, ತಗೋ” ಎಂದು ಮೋನಪ್ಪ ನಕ್ಕ. ಹಾರ್ಮೋನಿಯಂ ರಿಪೇರಿಯವನ ತೊಲೆಯ ಮೇಲೆ ಅಂಗೈಯಿಟ್ಟೆ. ಒಳಗೆ ಸಣ್ಣಗೆ ಏನೋ ಗುಂಯ್‌ಗುಡುತ್ತಿತ್ತು, ಕೂಸುಗಳು ಮಲಗುವುದಿಲ್ಲ.

ಕೊನೆಗೆ ಹೊಳೆದಂಡೆಗೆ ಹೋದೆವು. ಅಂಬಿಗರ ದುರಗಪ್ಪ ದಂಡೆಯ ಹಳೆಯ ಮನೆ ಬಿಚ್ಚಿ ಮೇಲಿನ ದಿಬ್ಬಕ್ಕೆ ಹೋಗಿದ್ದ. ಅವನ ಹಳೆಯ ತೊಲೆ ಬೇಲಿಯ ಪಕ್ಕ ಮಲಗಿತ್ತು. ಅಂಗೈಯಿಟ್ಟೆ. ಮರ ತಣ್ಣಗಿತ್ತು, ಮೆಲ್ಲಗೆ ಓಲಾಡುತ್ತಿತ್ತು.

“ಚಾಳಿ ಹೇಳ್ತೀನಿ ಕೇಳವ್ವ” ಎಂದ ದುರಗಪ್ಪ. “ನಾವು ಏಳು ಮಂದಿ ಆ ಮನ್ಯಾಗ ಬೆಳದೀವಿ. ಹೊಳಿ ಬಂದಾಗೆಲ್ಲ ನಮ್ಮಪ್ಪ ನಮ್ಮನ್ನ ಎತ್ತಿ ಆ ತೊಲಿ ಮ್ಯಾಲ ಸಾಲಾಗಿ ಕುಂಡ್ರಸತಿದ್ದ. ನೀರು ಕೆಳಗ, ನಾವು ಮ್ಯಾಲ. ಅದು ಓಲಾಡತೈತಿ ಖರೆ. ಮುಳಗಂಗಿಲ್ಲ.”

ನಾನು ಬೆಲ್ಲದಚ್ಚು ಅವನ ಕೈಗಿಟ್ಟೆ. ಅವನು ತೊಲೆಯನ್ನು ಗಾಡಿಗೆ ಏರಿಸಲು ತಾನೇ ಹೆಗಲು ಕೊಟ್ಟ.

ಐದು ದಿನ ಕೆಲಸ ನಡೆಯಿತು. ಆರನೆಯ ದಿನ ಎರಡೂ ತೊಲೆ ಅಕ್ಕಪಕ್ಕ ಕುಳಿತವು. ಮೊದಲ ಮಧ್ಯಾಹ್ನ ಅವುಗಳ ಹೆಜ್ಜೆ ಕೂಡಲಿಲ್ಲ. ಇದು ಏರಿದರೆ ಅದು ಇಳಿಯುವುದು. ಹೊಳೆಯ ತೊಲೆ ನೀರು ಹೋದತ್ತ ಹೋಗುವಂತೆ ಅಡ್ಡಾದಿಡ್ಡಿ ಓಲಾಡುತ್ತಿತ್ತು, ಪಟ್ಟಿಗಳು ಕಿರುಗುಟ್ಟುತ್ತಿದ್ದವು. ನಾನೂ ಮೋನಪ್ಪನೂ ರೇಣವ್ವನೂ ಕತ್ತು ಮೇಲೆತ್ತಿ ಕುಳಿತೇ ಇದ್ದೆವು. ದಿನದಿಂದ ದಿನಕ್ಕೆ ಕಿರುಗುಟ್ಟುವುದು ತಗ್ಗಿತು. ಜೋಡಿಸಿದ ಒಂಬತ್ತನೆಯ ದಿನ ಬಿಸಿಲು ನೆಲದ ನಡುವೆ ಬಂದಾಗ ಎರಡೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಕಬ್ಬಿಣದ ಬಳೆಯಿರುವುದು ಒಂದಕ್ಕೇ, ಆದರೂ ನನ್ನ ಕಿವಿಗೆ ಎರಡರದ್ದೂ ಕೇಳಿತು. ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಟ್ಟಿ ನಲವತ್ತು ದಿನದ ಕೂಸೊಂದು ಕೌದಿಯ ಮೇಲೆ ಕಣ್ಣರಳಿಸಿ ನೋಡುತ್ತಿತ್ತು. ಮೋನಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ, ದೊಡ್ಡವರೆದುರು ಕುಳಿತವನಂತೆ.

ಒಂಬತ್ತು ದಿನಕ್ಕೆ ಒಂದು ತೊಲೆ ತನ್ನ ಮನೆ ಮರೆತದ್ದನ್ನು ನಮ್ಮ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಪದ್ಧತಿಯಂತೆ ದುರಗಪ್ಪನಿಗೆ ಮರೆವಿನ ಕಾಗದ ಬರೆದೆ, ಬಿಳಿ ದಾರ ಸುತ್ತಿದೆ. ಅವನಿಗೆ ಓದು ಬಾರದು, ನಾನೇ ಒಯ್ದು ಓದುವುದಾಯಿತು. ಸಂತೋಷಪಡುತ್ತಾನೆ ಎಂದುಕೊಂಡು ದಿಬ್ಬ ಹತ್ತಿದೆ. ದೂರದಿಂದ ಬಿಳಿ ದಾರ ಕಂಡವನೇ ಅವನು ಹೊಲಿಯುತ್ತಿದ್ದ ಬಲೆಯನ್ನು ಕೆಳಗಿಟ್ಟ. ನಾನು ಓದಿ ಮುಗಿಸುವವರೆಗೂ ಹೊಳೆಯ ಕಡೆಗೇ ನೋಡುತ್ತಿದ್ದ.

“ಮರೀತಾ?” ಎಂದ. “ಒಂಬತ್ತ ದಿನಕ್ಕ?”

“ಮರೀತು ದುರಗಪ್ಪ. ಛಲೋ ಒಗ್ಗೇತಿ.”

“ಆಗಲಿ. ಮರೀಬೇಕಲ್ಲ. ಪದ್ಧತಿ ಐತಿ.” ಕಾಗದವನ್ನು ಇಸಿದುಕೊಂಡು ಎಲ್ಲಿಡುವುದೆಂದು ತಿಳಿಯದವನಂತೆ ಕೈಯಲ್ಲೇ ಹಿಡಿದ. “ನಮ್ಮಪ್ಪ ಕುಂಡ್ರಸಿದ ತೊಲಿ ಅದು. ನಾವು ಏಳು ಮಂದ್ಯಾಗ ಈಗ ಉಳದಾವ ನಾನೊಬ್ಬನ. ನನ್ನ ಹೊರತು ಆ ಹೊಳಿ ನೀರು ಕಂಡಿದ್ದು ಅದೊಂದ ಇತ್ತು ನೋಡವ್ವ.”

ಮರಳುವಾಗ ದಿಬ್ಬದ ಮೇಲೆ ಎರಡು ಸಲ ಕುಳಿತೆ. ಇಷ್ಟು ವರ್ಷದಲ್ಲಿ ಎಷ್ಟೋ ಜನರಿಗೆ ಮರೆವಿನ ಕಾಗದ ಬರೆದುಕೊಟ್ಟಿದ್ದೇನೆ. ಅದು ಮುಟ್ಟಿದವರ ಮುಖವನ್ನು ನೋಡಿದ್ದು ಅದೇ ಮೊದಲು. ಸಂತೆಯಲ್ಲಿ ನಿಂಬೆವ್ವ ನನ್ನ ಕೈ ನೋಡುತ್ತಿದ್ದದ್ದು ನೆನಪಾಯಿತು. ಕೈ ಬರಿದಾಗಿರುವುದು ಕಂಡು ಅವಳು ಬಿಡುತ್ತಿದ್ದ ಉಸಿರು. ಆಮೇಲಿನ ನಗು. ಬೊಗಸೆ ತುಂಬ ಶೇಂಗಾ. ಮೂವತ್ತೊಂದು ವರ್ಷ ಪ್ರತಿ ಸೋಮವಾರ ಅವಳು ನನಗೆ ಅದನ್ನೇ ಹೇಳುತ್ತಿದ್ದಳು, ನಾನು ಶೇಂಗಾ ಹೊತ್ತುಕೊಂಡು ಮನೆಗೆ ಬಂದು ಅಳುತ್ತಿದ್ದೆ. ತೊಲೆ ಇನ್ನೂ ತೂಗುತ್ತಿದೆ ಎನ್ನುವುದೇ ಅವಳಿಗೆ ಬೇಕಾಗಿದ್ದ ಸುದ್ದಿ. ಅಂಥ ಸುದ್ದಿಗೆ ನಮ್ಮ ಊರಿನಲ್ಲಿ ಕಾಗದದ ಪದ್ಧತಿಯೇ ಇಲ್ಲ.

ಮನೆಯಲ್ಲಿ ಮೋನಪ್ಪ ಏಣಿಯ ಮೇಲಿದ್ದ. ಜೋಡು ತೊಲೆಯ ತಲೆ ಹಾಸುಗಲ್ಲಿನಿಂದ ಒಂದು ಎಳೆ ಎತ್ತರ ನಿಂತಿದೆ, ನಾರು ಸಾಲದು, ಮರದ ಚಕ್ಕೆ ದಪ್ಪವಾಗುತ್ತದೆ, ಏನಾದರೂ ತೆಳ್ಳಗಿನದು ಕೊಡು ಎಂದ. ನಾನು ತಗಡಿನ ಡಬ್ಬಿ ತೆರೆದೆ. ಕೆಂಪು ಶಾಯಿಯ ‘ಚೆನ್ನಾಗಿದೆ’ ಹಾಗೇ ಇತ್ತು. ಹಾಳೆಯನ್ನು ನಾಲ್ಕಾಗಿ ಮಡಚಿ, ಗೇರೆಣ್ಣೆಯಲ್ಲಿ ಅದ್ದಿ ಮೇಲೆ ಕೊಟ್ಟೆ. ಅವನು ಅದನ್ನು ಸಂದಿಗೆ ತುರುಕಿ ಅಂಗೈಯಿಂದ ತಟ್ಟಿದ.

“ಅಳತಿ ಮಾಡಿಸಿದಂಗ ಕುಂತು ನೋಡು. ಏನಿತ್ತು ಅದರಾಗ?”

“ಸುಳ್ಳು” ಅಂದೆ.

ಆಮೇಲೆ ನಿಂಬೆವ್ವನಿಗೆ ಬರೆಯಲು ಕುಳಿತೆ. ಒಂದು ತೊಡಕಿತ್ತು. ನನ್ನ ಕಡೆಯಿಂದ ಲಕೋಟೆ ಬಂತು ಎಂದ ಕೂಡಲೆ, ಅದನ್ನು ಒಡೆಯುವ ಮೊದಲೇ, ಅವಳು ತೊಲೆ ಮರೆಯಿತು ಎಂದುಕೊಳ್ಳುತ್ತಾಳೆ. ಆ ಒಂದು ಗಳಿಗೆಯನ್ನೂ ಅವಳಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಆದ್ದರಿಂದ ಲಕೋಟೆಯನ್ನೂ ಬಿಳಿ ದಾರವನ್ನೂ ಬಿಟ್ಟು ಒಂದು ಕಾರ್ಡು ತೆಗೆದುಕೊಂಡೆ. ಮಸುಕು ಕಣ್ಣಿಗೂ ಕಾಣುವಂತೆ ಒಂದೊಂದು ಅಕ್ಷರವನ್ನು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾಗಿ ಬರೆದೆ. ‘ನಿಂಬಿ, ತೂಗುತ್ತಿದೆ. ಒಂದು ದಿನವೂ ಬಿಟ್ಟಿಲ್ಲ.’ ಕೆಳಗೆ, ಅವಳ ಅಣ್ಣನ ಮನೆಯ ಸೊಸೆ ಓದಿ ಹೇಳಲೆಂದು ಸಣ್ಣ ಅಕ್ಷರದಲ್ಲಿ: ‘ಈ ಓಣಿಯ ನೂರಾ ಹನ್ನೆರಡು ಕೂಸುಗಳು ಅದರ ಕೆಳಗೆ ಮಲಗಿ ಎದ್ದಿವೆ. ಇನ್ನೊಂದು ತೊಲೆಗೂ ಅದು ಕಲಿಸಿದೆ. ಹೊಸ್ತಿಲು ದಾಟಿ ಬಾ. ನಿನ್ನನ್ನು ಕಂಡು ಅದು ಮೊದಲಿಗೆ ಮರಳಿದರೆ ಮರಳಲಿ. ಮಧ್ಯಾಹ್ನದೊಳಗೆ ಬಾ, ಊಟ ಇಲ್ಲೇ.’

ಮರುದಿನ ಬೆಳಿಗ್ಗೆ ದಂಡೆಗೆ ಹೋದೆ. ಹೊಳೆಯಾಚೆಯ ಟಪಾಲು ಚೀಲ ದುರಗಪ್ಪನ ದೋಣಿಯಲ್ಲೇ ಹೋಗುತ್ತದೆ. ಚೀಲ ಆಗಲೇ ಒಳಗಿತ್ತು. ಅವನು ಹಗ್ಗ ಬಿಚ್ಚುತ್ತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ.

“ಬಿಳೇ ದಾರ ಇಲ್ಲ?”

“ಇಲ್ಲ.”

“ಓದು.”

ಓದಿದೆ. ದೋಣಿಯಲ್ಲಿ ಕುಳಿತಿದ್ದ ಮೂವರು ಹೆಂಗಸರು ನನ್ನತ್ತ ತಿರುಗಿದರು. ಬಾಯಲ್ಲಿ ಆಡಬಾರದ ಸುದ್ದಿಯನ್ನು ನಾನು ಹಗಲು ಹೊತ್ತಿನಲ್ಲಿ ನಾಲ್ಕು ಜನರೆದುರು ಗಟ್ಟಿಯಾಗಿ ಓದಿದ್ದೆ. ದುರಗಪ್ಪ ಕೈಚಾಚಿ ಕಾರ್ಡು ತೆಗೆದುಕೊಂಡ. ಚೀಲದ ಕಡೆ ನೋಡಿದ, ಅದರ ಬಾಯಿ ಕಟ್ಟಿತ್ತು. ರುಮಾಲಿನ ಒಂದು ಸುತ್ತು ಬಿಚ್ಚಿ, ಅಕ್ಷರವಿದ್ದ ಬದಿ ಮೇಲಿರುವಂತೆ ಕಾರ್ಡು ಇಟ್ಟು ಮತ್ತೆ ಸುತ್ತಿಕೊಂಡ.

“ನೀರು ತಾಗಂಗಿಲ್ಲ” ಎಂದು ಹೇಳಿ, ಗಳವನ್ನು ದಂಡೆಯ ಕಲ್ಲಿಗೆ ಊರಿ ದೋಣಿ ನೂಕಿದ.